ಕದ್ರಿ ಪಾರ್ಕಿನಲ್ಲಿ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಚಿತ್ರಪ್ರದರ್ಶನ: ಹಂಚಿನ ಚಿತ್ರದಲ್ಲಿ ಟ್ರ್ಯಾಕಿಂಗ್ ತಪ್ಪಿಹೋಗ್ತದೆ

ಕಡಲಕರೆ:
ಡಿಸೆಂಬರಿನಲ್ಲಿ 3 ದಿನ ಕದ್ರಿ ಪಾರ್ಕಿನ ನಡೆದಾರಿ ಬದಿಯಲ್ಲಿ 1 ಮೀಟರ್ ಅಗಲದ 8 ಬೋರ್ಡು ನಿಲ್ಲಿಸುವ ಯೋಜನೆ ಉಂಟು. ಚಿತ್ರಕ್ಕೆ ಫೋನ್ ಹಿಡಿದರೆ ಅದರ ಮೇಲೆ 3ಡಿ ಆಕೃತಿ ಏಳಬೇಕು. ಆ್ಯಪ್ ಇಲ್ಲ, ಕ್ಯೂಆರ್, ಬ್ರೌಸರ್, ಮೈಂಡ್‌ಎಆರ್ (ಬ್ರೌಸರಿನಲ್ಲೇ ಚಿತ್ರ ಗುರುತಿಸುವ ಲೈಬ್ರರಿ) ಅಷ್ಟೆ. 6 ಚಿತ್ರ ಸರಿಯಾಗಿ ಬರ್ತದೆ. ಮಂಗಳೂರು ಹಂಚಿನ ಮಾಡು (ಛಾವಣಿ) ಬರೆದ 2 ಚಿತ್ರಗಳಲ್ಲಿ ಮಾತ್ರ ಆಕೃತಿ ಬಂದ ಹಾಗೆ ಮಾಡಿ ಹಾರಿಹೋಗ್ತದೆ. ಚಿತ್ರ ಬಿಟ್ಟು, ಜಾಗ ನೋಡಿ ಆಕೃತಿ ತೋರಿಸುವ ಜಿಪಿಎಸ್‌ಗೆ ಬದಲಾಯಿಸಬೇಕಾ?

ಮೂರುಮುಡಿ:
ಜಿಪಿಎಸ್ ಬೇಡವೇ ಬೇಡ. ಬಯಲಲ್ಲೇ 5 ಮೀಟರ್ ಆಚೀಚೆ ತೋರಿಸ್ತದೆ, ಮರದಡಿ ಇನ್ನೂ ಹೆಚ್ಚು. ವೆಬ್‌ಎಕ್ಸ್‌ಆರ್ (ಬ್ರೌಸರಿನದ್ದೇ ಎಆರ್ ಸೌಲಭ್ಯ) ನಂಬಿದರೆ ಐಫೋನಿನ ಸಫಾರಿ ಕೈಕೊಡ್ತದೆ. ಈಗ ಹಿಡಿದ ದಾರಿಯೇ ಸರಿ, ತಪ್ಪು ಚಿತ್ರದ್ದು.

ಟ್ರ್ಯಾಕರ್ (ಚಿತ್ರವನ್ನು ಗುರುತಿಸಿ ಹಿಂಬಾಲಿಸುವ ಭಾಗ) ಹುಡುಕುವುದು ಮೂಲೆ, ಚುಕ್ಕೆ, ಅಂಚುಗಳನ್ನು. ಹಂಚಿನ ಸಾಲಿನಲ್ಲಿ ಎಲ್ಲ ಮೂಲೆಗಳೂ ಒಂದೇ ಥರ, ಹಾಗಾಗಿ ಯಾವುದು ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮತ್ತೆ, ಅದು ನೋಡುವುದು ಕಪ್ಪುಬಿಳುಪಿನಲ್ಲಿ. ಕೆಂಪು ಹಂಚು, ಹಸಿರು ಪಾಚಿ ನಮ್ಮ ಕಣ್ಣಿಗೆ ಬೇರೆ ಬೇರೆ, ಅದಕ್ಕೆ ಎರಡೂ ಒಂದೇ ಬೂದಿ ಬಣ್ಣ ಆಗಬಹುದು. ಚಿತ್ರವನ್ನು ಮೊದಲು ಗ್ರೇಸ್ಕೇಲ್ ಮಾಡಿ ನೋಡಿ.

ಮಾಡನ್ನು ಅಳಿಸಬೇಕಾಗಿಲ್ಲ. ಒಂದು ಕಡೆ ಒಡೆದ ಹಂಚು, ಇನ್ನೊಂದು ಕಡೆ ಕಾಗೆ, ಒಂದು ಹಂಚನ್ನು ಮಗುಚಿಟ್ಟು ಕಾರ್ಖಾನೆಯ ಅಚ್ಚಿನ ಅಕ್ಷರ: ನಾಲ್ಕು ಮೂಲೆಗೂ ನಾಲ್ಕು ಬೇರೆ ಗುರುತು ಬರಲಿ. ಕಂಪೈಲ್ ಮಾಡುವಾಗ (ಚಿತ್ರವನ್ನು ಟ್ರ್ಯಾಕರ್ ಓದುವ ಮೈಂಡ್ ಫೈಲಾಗಿ ಬದಲಿಸುವಾಗ) ಕಾಣುವ ಚುಕ್ಕೆಗಳು ಒಂದೇ ಕಡೆ ಗುಂಪಾಗಬಾರದು.

ಆಮೇಲೂ ಆಕೃತಿ ನಡುಗಿದರೆ ಮೈಂಡ್‌ಎಆರ್‌ನ ನಡುಕ ತಡೆಯುವ ಸೆಟ್ಟಿಂಗ್ ಆದ ಫಿಲ್ಟರ್‌ಮಿನ್‌ಸಿಎಫ್ ಅನ್ನು 0.001 ರಿಂದ 0.0001ಕ್ಕೆ ಇಳಿಸಿ. ನಡುಕ ಕಡಿಮೆ ಆಗ್ತದೆ, ಫೋನ್ ಅಲ್ಲಾಡಿಸಿದಾಗ ಆಕೃತಿ ತುಸು ತಡವಾಗಿ ಹಿಂದೆ ಬರ್ತದೆ.

ಪ್ರಿಂಟಿನವ:
ಯಾವುದರ ಮೇಲೆ ಪ್ರಿಂಟ್? ಫ್ಲೆಕ್ಸ್ ಆದರೆ ಕೈಬಿಡಿ, ಗಾಳಿಗೆ ಉಬ್ಬಿದ ಕೂಡಲೇ ಟ್ರ್ಯಾಕಿಂಗ್ ಹೋಯ್ತು, ಅದು ಚಪ್ಪಟೆ ಚಿತ್ರವನ್ನೇ ನಿರೀಕ್ಷಿಸುವುದು. 3 ಎಂಎಂ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ ಗಟ್ಟಿ ಹಲಗೆ) ಶೀಟಿಗೆ ವಿನೈಲ್ ಅಂಟಿಸಿ, ಮೇಲೆ ಮ್ಯಾಟ್ ಲ್ಯಾಮಿನೇಶನ್. ಗ್ಲಾಸಿ ಹಾಕಿದರೆ ಆಕಾಶವೇ ಪ್ರತಿಫಲಿಸಿ ಅರ್ಧ ಚಿತ್ರ ಬೆಳ್ಳಗೆ.

ಬೋರ್ಡನ್ನು ಎಲೆಗಳ ನೆರಳು ಬೀಳದಲ್ಲಿ ನಿಲ್ಲಿಸಿ. ಬಿಸಿಲು ಮತ್ತು ನೆರಳಿನ ಚುಕ್ಕೆಗಳನ್ನೂ ಟ್ರ್ಯಾಕರ್ ಚಿತ್ರದ ಭಾಗ ಅಂತಲೇ ಎಣಿಸ್ತದೆ. ಜಾಗಕ್ಕೆ ಬೆಳಿಗ್ಗೆ 10, ಮಧ್ಯಾಹ್ನ 1, ಸಂಜೆ 5ಕ್ಕೆ ಒಮ್ಮೊಮ್ಮೆ ಹೋಗಿ ನೋಡದೆ ಗುಂಡಿ ತೋಡಿಸಬೇಡಿ. ಸಂಜೆಗೆ ಲೈಟು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ.

ಪಣಂಬೂರು_ಬಿಟ್ಸ್:
ಕ್ಯೂಆರ್ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ! ನಮ್ಮ ಜನ ಕ್ಯೂಆರ್ ಕಂಡರೆ ಮೊದಲು ತೆಗೆಯುವುದು ಗೂಗಲ್ ಪೇ. ಅಲ್ಲಿ ಎಂತದೂ ಬರುವುದಿಲ್ಲ. ‘ಫೋನಿನ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ’ ಅಂತ ಕ್ಯೂಆರ್‌ನ ಮೇಲ್ಗಡೆಯೇ ದಪ್ಪಕ್ಷರದಲ್ಲಿ ಹಾಕಿ. ಒಂದೂವರೆ ಮೀಟರ್ ದೂರದಿಂದ ಓದಲು 15 ಸೆಂಟಿಮೀಟರ್ ಅಗಲ ಬೇಕು. ಕೊಂಡಿ ನಿಮ್ಮದೇ ಡೊಮೇನಿನದ್ದಾಗಲಿ, ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಕ್ಯಾಮೆರಾ ತೆರೆಯುವುದೇ ಇಲ್ಲ.

ಒಂದೊಂದು ಜಿಎಲ್‌ಬಿ (3ಡಿ ಆಕೃತಿಯ ಫೈಲ್) 5 ಎಂಬಿ ಒಳಗಿರಲಿ, ಟೆಕ್ಸ್ಚರ್ (ಆಕೃತಿಗೆ ಹೊದಿಸುವ ಚಿತ್ರ) 1024 ಪಿಕ್ಸೆಲ್ ಸಾಕು. ಭಾನುವಾರ ಸಂಜೆ ಜನ ಸೇರಿದಾಗ ನೆಟ್‌ವರ್ಕ್ ತೆವಳ್ತದೆ.

ಕಡಲಕರೆ:
8 ಬೋರ್ಡಿಗೆ 8 ಪುಟವಾ, ಒಂದೇ ಪುಟವಾ?

ಪಣಂಬೂರು_ಬಿಟ್ಸ್:
ಒಂದೇ ಪುಟ. ಪುಟ ಬದಲಾದ ಹಾಗೆ ಐಫೋನು ಕ್ಯಾಮೆರಾ ಅನುಮತಿ ಮತ್ತೆ ಮತ್ತೆ ಕೇಳಬಹುದು. 8 ಚಿತ್ರವನ್ನೂ ಒಂದೇ ಮೈಂಡ್ ಫೈಲಿಗೆ ಸೇರಿಸಿ, ಆದರೆ ಮಾಡೆಲನ್ನು ಆ ಚಿತ್ರ ಸಿಕ್ಕಿದ ಮೇಲೆ ಮಾತ್ರ ಇಳಿಸಿ. ಮ್ಯಾಕ್ಸ್‌ಟ್ರ್ಯಾಕ್ (ಒಮ್ಮೆಗೆ ಎಷ್ಟು ಚಿತ್ರ ಹಿಂಬಾಲಿಸಬೇಕೆಂಬ ಸೆಟ್ಟಿಂಗ್) 1 ಇರಲಿ. ಧ್ವನಿ ಇದ್ದರೆ ‘ಶುರು’ ಬಟನ್ ಇಡಿ, ಒತ್ತದೆ ಐಫೋನಿನಲ್ಲಿ ಶಬ್ದ ಬರುವುದಿಲ್ಲ.