ಪುಟ್ಟ ಮಾದರಿ ರೈಲು ಹಳಿಗೆ ಬಣ್ಣ ಮತ್ತು ಜಲ್ಲಿ: ಯಾವುದು ಮೊದಲು, ಯಾವ ಕಲ್ಲು, ಯಾವ ಕಾಲ?

ಪ್ರಶ್ನೆ (ಭದ್ರಾವತಿಯಿಂದ)

ಎಲ್ಲರಿಗೂ ನಮಸ್ಕಾರ. ಮನೆಯ ಜಗುಲಿಗೆ ಹೊಂದಿಕೊಂಡ ಕೋಣೆಯಲ್ಲಿ ಆರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಎಚ್‌ಓ ಅಳತೆಯ, ಅಂದರೆ 1:87 ಪ್ರಮಾಣದ, ಸಣ್ಣ ನಿಲ್ದಾಣವೊಂದನ್ನು ಕಟ್ಟುತ್ತಿದ್ದೇನೆ. ತಾಳಗುಪ್ಪದಂತೆ ಹಳಿ ಅಲ್ಲಿಗೇ ಮುಗಿಯುವ ನಿಲ್ದಾಣವನ್ನು ಆರಿಸಿಕೊಂಡದ್ದರಿಂದ ದೊಡ್ಡ ತಿರುವುಗಳಿಗೆ ಜಾಗ ಬೇಕಾಗಲಿಲ್ಲ. ಎಂಜಿನ್ ಬೋಗಿಗಳಿಂದ ಬಿಡಿಸಿಕೊಂಡು, ಪಕ್ಕದ ಲೂಪ್ ಹಳಿಯಲ್ಲಿ ಹಾದು, ಇನ್ನೊಂದು ತುದಿಗೆ ಬಂದು ಸೇರುವುದನ್ನು ನೋಡುವುದೇ ನನಗೆ ದೊಡ್ಡ ಸಂತೋಷ. ಹಳಿ ಕೂರಿಸಿ, ವೈರುಗಳನ್ನು ಬೆಸೆದು, ಒಂದು ಹಳಿಯಿಂದ ಇನ್ನೊಂದಕ್ಕೆ ರೈಲು ಹೊರಳುವ ಜಾಗಗಳಾದ ಮೂರು ಪಾಯಿಂಟ್‌ಗಳ ಮೇಲೂ ಓಡಿಸಿ ನೋಡಿದ್ದಾಗಿದೆ.

ತೊಂದರೆ ಶುರುವಾದದ್ದು ಜಲ್ಲಿಯಿಂದ. ಹೋದ ಆಷಾಢದಲ್ಲಿ, ಮನೆ ಕಟ್ಟುವಾಗ ಉಳಿದಿದ್ದ ಭದ್ರಾ ಹೊಳೆಯ ಮರಳನ್ನು ಜರಡಿ ಹಿಡಿದು, ಒಂದು ಅಡಿ ಉದ್ದದ ಹಳಿಗೆ ಪ್ರಯೋಗವೆಂದು ಹರಡಿದೆ. ಮೇಲಿನಿಂದ ನೀರು ಬೆರೆಸಿದ ಫೆವಿಕಾಲ್ ಹನಿಸಿದರೆ ಅದು ಇಂಗಲೇ ಇಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು, ಮರಳನ್ನು ಸುತ್ತಿಕೊಂಡು ಉರುಳಿ, ಅಲ್ಲಲ್ಲಿ ಗುಳಿ ಬಿತ್ತು. ಒಣಗಲು ಐದಾರು ದಿನ ಹಿಡಿಯಿತು. ಮೂರನೆಯ ವಾರಕ್ಕೆ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡಿತು. ಅದರ ಮೇಲೆ ಎಂಜಿನ್ ಓಡಿಸಿದಾಗ ಎರಡೇ ದಿನದಲ್ಲಿ ಅದು ತಡವರಿಸಿ ನಿಂತಿತು. ಮಗುಚಿ ನೋಡಿದರೆ ಮೋಟಾರಿನ ಅಡಿಯಲ್ಲಿ ಕಪ್ಪು ಕಣಗಳು ಗಡ್ಡದಂತೆ ಅಂಟಿಕೊಂಡಿದ್ದವು. ಇಷ್ಟೆಲ್ಲ ಆದ ಮೇಲೂ ಹಳಿಗಳ ಬದಿ ಹೊಸ ಚಮಚದಂತೆ ಹೊಳೆಯುತ್ತಿದ್ದುದರಿಂದ ಅದು ಆಟಿಕೆಯಂತೆಯೇ ಕಾಣುತ್ತಿತ್ತು.

ಬಿಸಿನೀರು ಹಾಕಿ ಎಲ್ಲವನ್ನೂ ಕೆರೆದು ತೆಗೆದಿದ್ದೇನೆ. ಹಳಿಗೆ ಬಣ್ಣ ಮೊದಲೋ ಜಲ್ಲಿ ಮೊದಲೋ, ಯಾವ ಕಲ್ಲು ಸೂಕ್ತ, ನಮ್ಮ ಮಳೆಗಾಲದಲ್ಲಿ ಈ ಕೆಲಸ ಆಗುವುದೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ತೀರ್ಥಹಳ್ಳಿಯಿಂದ)

ಬಣ್ಣವೇ ಮೊದಲು, ಇದರಲ್ಲಿ ಎರಡು ಮಾತಿಲ್ಲ. ಜಲ್ಲಿ ಬಿದ್ದ ಮೇಲೆ ಹಳಿಯ ಬದಿಗೆ ಕುಂಚ ತಾಗಿಸಿದರೆ ಕಲ್ಲಿಗೂ ಬಣ್ಣ ಮೆತ್ತಿಕೊಳ್ಳುತ್ತದೆ, ಹಳಿಯ ಬುಡಕ್ಕೆ ಬಣ್ಣ ತಲುಪುವುದೂ ಇಲ್ಲ.

ಮೊದಲು ಹಳಿಯನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ ಕೈಯ ಜಿಡ್ಡು ತೆಗೆಯಿರಿ. ಬದಿಗಳಿಗೆ ತೆಳುವಾಗಿ ಪ್ರೈಮರ್ ಕೊಟ್ಟು, ಅದು ಒಣಗಿದ ಮೇಲೆ ಹೊಳಪಿಲ್ಲದ ಅಕ್ರಿಲಿಕ್ ಬಣ್ಣವನ್ನು ಚಿಕ್ಕ ಚಪ್ಪಟೆ ಕುಂಚದಿಂದ ಹಚ್ಚಿ. ತುಕ್ಕು ಎಂದ ಕೂಡಲೇ ಕಿತ್ತಳೆ ಬಣ್ಣ ಹಚ್ಚುವವರಿದ್ದಾರೆ, ಅದು ಸರಿಯಲ್ಲ. ದಿನವೂ ರೈಲು ಓಡುವ ಹಳಿಯ ಬದಿಯ ಬಣ್ಣ ಯಾವುದೆಂದು ನಮ್ಮ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅಡಿಕೆ ಬೇಯಿಸಿದ ಚೊಗರು ಪಾತ್ರೆಯ ಅಂಚಿನಲ್ಲಿ ಒಣಗಿದಾಗ ಉಳಿಯುವ ಕಡುಗಂದು. ಕಂದು ಬಣ್ಣಕ್ಕೆ ಸ್ವಲ್ಪ ಕಪ್ಪು, ಒಂದು ಚಿಟಿಕೆ ಕೆಂಪು ಸೇರಿಸಿದರೆ ಅದು ಬರುತ್ತದೆ. ನಾಲ್ಕೈದು ಇಂಚು ಹಚ್ಚಿದ ಕೂಡಲೇ, ಬಣ್ಣ ಹಸಿಯಾಗಿರುವಾಗಲೇ, ಮರದ ತುಂಡಿಗೆ ಬಟ್ಟೆ ಸುತ್ತಿ ಹಳಿಯ ನೆತ್ತಿಯನ್ನು ಒರೆಸಿಬಿಡಿ. ಗಾಲಿಗೆ ಕರೆಂಟು ಸಿಗುವುದು ಅಲ್ಲಿಂದಲೇ. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದರೆ ಹಳಿಯ ಮೇಲೆ ಗೀರು ಬಿದ್ದು, ಮುಂದೆ ಕೊಳೆಯೆಲ್ಲ ಆ ಗೀರುಗಳಲ್ಲೇ ಕೂರುತ್ತದೆ.

ಡಬ್ಬಿಯ ಸ್ಪ್ರೇ ಬಳಸುವುದಾದರೆ ಮಳೆ ಸುರಿಯುವ ದಿನ ಮುಟ್ಟಲೇಬೇಡಿ. ಗಾಳಿಯ ತೇವ ಸೇರಿಕೊಂಡು ಲ್ಯಾಕರ್ ಬಣ್ಣದ ಮೇಲೆ ಹಾಲಿನಂತಹ ಬಿಳಿ ಮಸುಕು ಮೂಡುತ್ತದೆ.

ಉತ್ತರ (ಶಿವಮೊಗ್ಗದಿಂದ)

ನಾನು ರೈಲ್ವೆಯಲ್ಲಿ ಹಳಿ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ಈಗ ಮೊಮ್ಮಗನ ಜೊತೆ ಈ ಪುಟ್ಟ ಹಳಿಗಳಿಗೆ ಕೈ ಹಾಕಿದ್ದೇನೆ. ಕಲ್ಲಿನ ವಿಷಯ ಮಾತ್ರ ಹೇಳುತ್ತೇನೆ.

ನಮ್ಮ ರೈಲ್ವೆ ಬಳಸುವ ಜಲ್ಲಿ ಹೆಚ್ಚುಕಡಿಮೆ 65 ಮಿ.ಮೀ.ಯಿಂದ 20 ಮಿ.ಮೀ. ಗಾತ್ರದೊಳಗಿನದು. ಅದನ್ನು 87ರಿಂದ ಭಾಗಿಸಿದರೆ ಮುಕ್ಕಾಲು ಮಿ.ಮೀ.ಯಿಂದ ಕಾಲು ಮಿ.ಮೀ. ಎಂದಾಯಿತು. ಅಂಗೈಯಲ್ಲಿ ಉಪ್ಪಿಟ್ಟಿನ ರವೆಯನ್ನೂ ನಿಮ್ಮ ಕಲ್ಲಿನ ಪುಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಡಿ ರವೆಗಿಂತ ದಪ್ಪವಿದ್ದರೆ ನಿಮ್ಮ ನಿಲ್ದಾಣದಲ್ಲಿ ಗುಂಡುಕಲ್ಲು ಹಾಸಿದಂತೆ ಕಾಣುತ್ತದೆ. 1:160ರ ಎನ್ ಅಳತೆಯವರಿಗೆ ಚಿರೋಟಿ ರವೆ ಸರಿಯಾದ ಹೋಲಿಕೆ.

ಹೊಳೆಮರಳು ಬೇಡ. ನೀರಿನಲ್ಲಿ ಉರುಳಿ ಅದರ ಅಂಚುಗಳು ಸವೆದಿರುತ್ತವೆ. ನಿಜವಾದ ಜಲ್ಲಿ ಒಡೆದ ಕಲ್ಲು. ಮೂಲೆಗಳು ಒಂದಕ್ಕೊಂದು ಕಚ್ಚಿ ಹಿಡಿದರೆ ಮಾತ್ರ ಸ್ಲೀಪರ್, ಅಂದರೆ ಹಳಿಯ ಅಡಿಯ ಅಡ್ಡದಿಮ್ಮಿ, ಅಲುಗದೆ ನಿಲ್ಲುತ್ತದೆ, ನೀರೂ ಬಸಿದುಹೋಗುತ್ತದೆ. ಪುಟ್ಟ ಹಳಿಗೂ ಒಡೆದ ಕಲ್ಲಿನ ನೋಟವೇ ಬೇಕು. ಕ್ರಷರ್‌ನ ಕಲ್ಲುಪುಡಿ ಒಂದು ಬೊಗಸೆ ಸಾಕು. ಅದನ್ನು ನಾಲ್ಕೈದು ನೀರಿನಲ್ಲಿ ತೊಳೆದು ದೂಳು ಹೋಗಲಾಡಿಸಿ, ಹಳೆಯ ಬಾಣಲೆಯಲ್ಲಿ ಹುರಿದು ಒಣಗಿಸಿ, ರವೆ ಜರಡಿಯಲ್ಲಿ ದಪ್ಪವನ್ನೂ ಚಹಾ ಸೋಸುವ ಸಣ್ಣ ಜಾಲರಿಯಲ್ಲಿ ಹಿಟ್ಟಿನಂಥದನ್ನೂ ಬೇರ್ಪಡಿಸಿ. ಹುರಿದರೆ ಬೂಷ್ಟಿನ ಬೀಜವೂ ಸಾಯುತ್ತದೆ.

ನಿಮ್ಮ ಎಂಜಿನ್ನಿಗೆ ಅಂಟಿದ ಕಪ್ಪು ಕಣಗಳು ಬಹುಮಟ್ಟಿಗೆ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಒಲಿಯುವ ಕಬ್ಬಿಣದ ಅದಿರು. ಭದ್ರೆ ಹುಟ್ಟುವುದೇ ಕುದುರೆಮುಖದ ಸೀಮೆಯಲ್ಲಿ. 2005ರ ಕೊನೆಯವರೆಗೆ ಅಲ್ಲಿ ಗಣಿ ನಡೆದದ್ದು ಇದೇ ಅದಿರಿಗಾಗಿ. ಮೋಟಾರಿನೊಳಗೆ ಅಯಸ್ಕಾಂತವಿರುವುದರಿಂದ ಅದು ಈ ಕಣಗಳನ್ನು ಹೆಕ್ಕಿಕೊಂಡಿದೆ. ಕ್ರಷರ್ ಪುಡಿಯನ್ನೂ, ಗಿಡದ ಬುಡಕ್ಕೆಂದು ತಂದ ಕೆಮ್ಮಣ್ಣನ್ನೂ ನಂಬಬೇಡಿ. ಒಂದು ಅಯಸ್ಕಾಂತವನ್ನು ತೆಳು ಕಾಗದದಲ್ಲಿ ಸುತ್ತಿ, ತಟ್ಟೆಯಲ್ಲಿ ಹರಡಿದ ಪುಡಿಯ ಮೇಲೆ ಏನೂ ಅಂಟದಾಗುವವರೆಗೆ ಆಡಿಸಿ.

ಜಲ್ಲಿಯ ಆಕಾರವನ್ನೂ ಗಮನಿಸಿ. ಬ್ರಾಡ್‌ಗೇಜಿನಲ್ಲಿ ಸ್ಲೀಪರ್ ತುದಿಯಿಂದಾಚೆ ಸುಮಾರು 350 ಮಿ.ಮೀ. ಜಲ್ಲಿ ಮಟ್ಟವಾಗಿ ಹೋಗಿ ಅನಂತರ ಇಳಿಜಾರಾಗುತ್ತದೆ. ನಿಮ್ಮ ಅಳತೆಯಲ್ಲಿ ಅದು 4 ಮಿ.ಮೀ. ಎರಡು ಕಂಬಿಗಳ ನಡುವಿನ ಅಂತರ ನೋಡಿದರೆ, ನೀವು ಬಳಸುವ 16.5 ಮಿ.ಮೀ. ಹಳಿ 1,435 ಮಿ.ಮೀ. ಹಳಿಯ ಮಾದರಿ, ನಮ್ಮದೋ 1,676 ಮಿ.ಮೀ. ಆದ್ದರಿಂದ ಈ ಹೆಗಲನ್ನು ಒಂದು ಮಿ.ಮೀ. ಅಗಲಿಸಿದರೂ ಕಣ್ಣಿಗೆ ಹಳಿ ನಮ್ಮದರಂತೆ ಅಗಲವಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಲೂಪ್ ಹಳಿಗೆ ಜಲ್ಲಿ ಸ್ವಲ್ಪ ತೆಳುವಾಗಿರಲಿ, ಎಂಜಿನ್ ನಿಲ್ಲುವ ಜಾಗ ಎಣ್ಣೆ ತೊಟ್ಟಿಕ್ಕಿ ಕಪ್ಪಾಗಿರಲಿ.

ಉತ್ತರ (ಸಾಗರದಿಂದ)

ಹಿರಿಯರು ಕಲ್ಲಿನ ಬಗ್ಗೆ ಹೇಳಿದ ಮೇಲೆ ಅಂಟಿನ ಮಾತು ಉಳಿಯಿತು. ನಿಮ್ಮ ಅಂಟು ಉರುಳಿದ್ದಕ್ಕೆ ಫೆವಿಕಾಲ್ ಕಾರಣವಲ್ಲ. ಒಣ ಪುಡಿಯ ಮೇಲೆ ಬಿದ್ದ ಹನಿಯನ್ನು ನೀರಿನ ಮೇಲ್ಮೈ ಎಳೆತ ಗುಂಡಗೆ ಹಿಡಿದಿಡುತ್ತದೆ. ಮೊದಲು ಪುಡಿಯನ್ನು ನೆನೆಸಿದರೆ ಅಂಟು ತಾನಾಗಿ ಒಳಗಿಳಿಯುತ್ತದೆ.

ಜಲ್ಲಿಯನ್ನು ಚಮಚದ ತುದಿಯಿಂದ ಎರಡು ಹಳಿಗಳ ನಡುವೆ ಸುರಿದು, ಮೆತ್ತನೆಯ ಕುಂಚದಿಂದ ಸವರುತ್ತಾ ಹೋಗಿ. ಸ್ಲೀಪರಿನ ಮೇಲೆ, ಹಳಿಯ ಒಳಬದಿಯಲ್ಲಿ ಒಂದು ಕಣವೂ ಉಳಿಯಬಾರದು. ಕುಂಚದ ಹಿಡಿಯಿಂದ ಹಳಿಯನ್ನು ಮೆಲ್ಲಗೆ ತಟ್ಟಿದರೆ ಅವು ತಾವಾಗಿ ಕೆಳಗೆ ಬೀಳುತ್ತವೆ. ಮಟ್ಟ ಸ್ಲೀಪರಿನ ನೆತ್ತಿಗಿಂತ ಕೂದಲೆಳೆಯಷ್ಟು ತಗ್ಗಿರಲಿ. ನಾನು ಒಂದು ಸಂಜೆಗೆ ಒಂದು ಅಡಿಗಿಂತ ಹೆಚ್ಚು ಮಾಡುವುದಿಲ್ಲ. ಒಮ್ಮೆ ಅಂಟು ಬಿದ್ದ ಮೇಲೆ ತಿದ್ದುವುದು ಕಷ್ಟವಾದ್ದರಿಂದ ಹೊತ್ತು ಹೋಗಬೇಕಾದದ್ದು ಈ ಹಂತದಲ್ಲೇ.

ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿ ಬೆರೆಸಿ ಸಣ್ಣ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ನೇರವಾಗಿ ಜಲ್ಲಿಗೆ ಹೊಡೆದರೆ ಕಣಗಳು ಹಾರುತ್ತವೆ. ಒಂದೂವರೆ ಅಡಿ ಎತ್ತರದಿಂದ, ಜಡಿಮಳೆಗೆ ಮೊದಲು ಬೀಳುವ ತುಂತುರಿನಂತೆ ಮಂಜು ಇಳಿಯಲಿ. ಜಲ್ಲಿಯ ಬಣ್ಣ ಪೂರ್ತಿ ಗಾಢವಾಗುವವರೆಗೆ ನೆನೆಸಿ. ಬಳಿಕ ಫೆವಿಕಾಲ್ ಮತ್ತು ನೀರನ್ನು ಸಮಭಾಗ ಕಲಸಿ, ಅದಕ್ಕೂ ಒಂದು ಹನಿ ದ್ರಾವಣ ಸೇರಿಸಿ, ಡ್ರಾಪರಿನಿಂದ ಹಳಿಗಳ ನಡುವೆ ಮೊದಲು, ಹೆಗಲಿಗೆ ಆಮೇಲೆ ಬಿಡಿ. ಬಿಳಿಯ ಹಾಲು ಕಲ್ಲುಗಳ ಸಂದಿಯಲ್ಲಿ ಸದ್ದಿಲ್ಲದೆ ಹರಿದುಹೋಗುವುದು ಕಾಣುತ್ತದೆ. ನೋಡಲು ಅಧ್ವಾನವೆನಿಸಿದರೂ ಗಾಬರಿಯಾಗಬೇಡಿ. ಒಣಗಿದ ಮೇಲೆ ಆ ಬಿಳುಪು ಮಾಯವಾಗುತ್ತದೆ. ತೇವ ತಡೆಯುವ ವಾಟರ್‌ಪ್ರೂಫ್ ಅಂಟನ್ನು ಆಸೆಪಟ್ಟು ಬಳಸಬೇಡಿ. ಸಾಧಾರಣ ಅಂಟಾದರೆ ನೀವು ಈಗಾಗಲೇ ಮಾಡಿದಂತೆ ಬಿಸಿನೀರಿನಿಂದ ಮೆತ್ತಗಾಗಿಸಿ ಹಳಿಯನ್ನು ಉಳಿಸಿಕೊಳ್ಳಬಹುದು.

ಕಾಲದ ಬಗ್ಗೆ ಕೇಳಿದ್ದೀರಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಷ್ಟಲ್ಲದಿದ್ದರೂ ನಮ್ಮ ಮನೆಗಳ ಗೋಡೆಯೂ ಆಷಾಢದಲ್ಲಿ ಬೆವರುತ್ತದೆ. ದೀಪಾವಳಿ ಕಳೆದು ಅಂಗಳದಲ್ಲಿ ಅಡಿಕೆ ಒಣಗಿಸಲು ಹರಡುವ ದಿನಗಳಲ್ಲಿ ಜಲ್ಲಿ ಹಾಕಿದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲು ಪ್ಲೈವುಡ್ಡಿನ ಅಡಿಭಾಗಕ್ಕೂ ಅಂಚುಗಳಿಗೂ ಬಣ್ಣ ಬಳಿಯಿರಿ. ಹಲಗೆ ತೇವ ಹೀರಿ ಉಬ್ಬಿದರೆ ಮೇಲಿನ ಜಲ್ಲಿ ಎಷ್ಟೇ ಗಟ್ಟಿಯಿದ್ದರೂ ಬಿರುಕು ಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ (ಭದ್ರಾವತಿ)

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಉಳಿದ ಮರಳಿನ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿದೆ. ಒಂದೇ ಸಲಕ್ಕೆ ಕಾಗದ ಕಪ್ಪಾಯಿತು. ಕ್ರಷರ್ ಪುಡಿ ತಂದು ತೊಳೆಯಲು ಇಟ್ಟಿದ್ದೇನೆ. ಪಾಯಿಂಟ್‌ಗಳ ಬಗ್ಗೆ ಮಾತ್ರ ಭಯ ಉಳಿದಿದೆ. ಆಚೀಚೆ ಸರಿಯುವ ನಾಲಿಗೆಯ ಸುತ್ತ ಅಂಟು ಹೋದರೆ ಏನು ಮಾಡಬೇಕು?

ಉತ್ತರ (ತೀರ್ಥಹಳ್ಳಿಯಿಂದ)

ಅಂಟು ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದೇ ಉಪಾಯ. ನಾಲಿಗೆ ಪಕ್ಕದ ಹಳಿಗೆ ತಾಗುವ ಒಳಮೈಗೆ ಬಣ್ಣ ಹಚ್ಚಬೇಡಿ. ಅನೇಕ ಪಾಯಿಂಟ್‌ಗಳಲ್ಲಿ ಕರೆಂಟು ದಾಟುವುದು ಅಲ್ಲಿಂದಲೇ. ನಾಲಿಗೆಗಳನ್ನು ಎಳೆಯುವ ಅಡ್ಡಪಟ್ಟಿಯ ಸುತ್ತ ಜಲ್ಲಿ ಬೇಡ, ಆ ಜಾಗದ ಹಲಗೆಗೆ ಜಲ್ಲಿಯದೇ ಬೂದು ಬಣ್ಣ ಬಳಿದರೆ ಸಾಕು. ಉಳಿದ ಭಾಗದಲ್ಲಿ ಮಂಜು ಸಿಂಪಡಿಸದೆ, ಸಾಬೂನು ನೀರನ್ನೂ ಅಂಟನ್ನೂ ಡ್ರಾಪರಿನಿಂದ ಒಂದೊಂದೇ ಹನಿ ಬಿಡಿ. ಒಣಗುವವರೆಗೆ ಹತ್ತು ನಿಮಿಷಕ್ಕೊಮ್ಮೆ ಪಾಯಿಂಟನ್ನು ಅತ್ತಿತ್ತ ಸರಿಸುತ್ತಿರಿ. ಮೂರರಲ್ಲಿ ಒಂದನ್ನು ಮಾತ್ರ ಮೊದಲು ಮುಗಿಸಿ, ಮಾರನೆಯ ದಿನ ಎಂಜಿನ್ ಓಡಿಸಿ ನೋಡಿ, ಆಮೇಲೆ ಉಳಿದೆರಡಕ್ಕೆ ಕೈ ಹಾಕಿ.