ಶಿರಹಟ್ಟಿ ಬಳಿಯ ತೋಟದ ಮನೆಯಿಂದ ಹಗಲು ಸುತ್ತಾಟ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಮಾಳಮಡ್ಡಿ_ಓದುಗಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಕುಟುಂಬದವರು ಧಾರವಾಡದಿಂದ ಹೊರಟು, ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವೆ ಹೊಲದೊಳಗೆ ಕಟ್ಟಿಸಿ ಬಾಡಿಗೆಗೆ ಕೊಡುವ ಒಂದು ಮನೆಯಲ್ಲಿ ಮೂರ್ನಾಲ್ಕು ದಿನ ಇರಬೇಕೆಂದಿದ್ದೇವೆ. ನನ್ನ ಅತ್ತೆಯವರಿಗೆ ಮೊಣಕಾಲು ನೋವಿದೆ. ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ನಡೆಯಬಲ್ಲರು, ಆದರೆ ಮೆಟ್ಟಿಲು ಹತ್ತಿಳಿಯಲಾರರು. ಮಕ್ಕಳಿಬ್ಬರೂ ಶಾಲೆಗೆ ಹೋಗುವವರು, ಒಂದೆಡೆ ಕೂರುವವರಲ್ಲ. ಕಾರು ನಮ್ಮದೇ ಇದೆ.

ಮನೆಯ ಮಾಲೀಕರು ಪ್ರೀತಿಯಿಂದ ಒಂದು ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ಗದಗ, ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ, ಮಾಗಡಿ ಕೆರೆಗಳ ಜೊತೆಗೆ ಸೂಡಿ, ಇಟಗಿ, ಬಂಕಾಪುರ, ಬಾದಾಮಿ, ಕೊನೆಗೆ ಹಂಪಿಯೂ ಇದೆ. ಇಷ್ಟನ್ನೂ ನೋಡಹೊರಟರೆ ನಾವು ಹೊಲದ ಮನೆಯಲ್ಲಿ ಇದ್ದೆವು ಎನ್ನುವುದಕ್ಕಿಂತ ಕಾರಿನಲ್ಲಿ ಇದ್ದೆವು ಎನ್ನಬೇಕಾದೀತು. ಯಾವುದನ್ನು ಯಾವುದರ ಜೊತೆಗೆ ಸೇರಿಸಬಹುದು, ಯಾವುದನ್ನು ಸಂಕೋಚವಿಲ್ಲದೆ ಬಿಡಬಹುದು ಎಂಬುದನ್ನು ಈ ಭಾಗದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬೆಟಗೇರಿ_ಮಾಸ್ತರ

ಮೊದಲಿಗೆ ಹಂಪಿ ಮತ್ತು ಬಾದಾಮಿಗಳನ್ನು ಪಟ್ಟಿಯಿಂದ ತೆಗೆದುಹಾಕಿರಿ. ಅವು ಸಣ್ಣ ಊರುಗಳೆಂದಲ್ಲ. ಅಲ್ಲಿಯೇ ಉಳಿದು ನೋಡಬೇಕಾದ ಊರುಗಳು. ಶಿರಹಟ್ಟಿ ಕಡೆಯಿಂದ ಹೋಗಿ ಅದೇ ಸಂಜೆ ಮರಳಿ ಬರುವವರು ಅವನ್ನು ನೋಡಿದಂತಾಗುವುದಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು ಬಿಡಿ ಎನ್ನಲು ನನಗೆ ಮನಸ್ಸು ಬಾರದು. 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ ಆ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆದರೂ ವಯಸ್ಸಾದವರು ಜೊತೆಗಿರುವಾಗ ಲಕ್ಕುಂಡಿಯಿಂದ ಮತ್ತೆ ಮುಂದಕ್ಕೆ, ಕೊಪ್ಪಳ ಜಿಲ್ಲೆಯವರೆಗೆ ಎಳೆದುಕೊಂಡು ಹೋಗುವುದು ಸರಿಯಲ್ಲ. ಸೂಡಿಗೂ ಇದೇ ಮಾತು.

ಒಂದು ಇಡೀ ದಿನವನ್ನು ಲಕ್ಕುಂಡಿಗೆ ಮತ್ತು ಗದಗಕ್ಕೆ ಕೊಡಿ. ಬೆಳಿಗ್ಗೆ ಬೇಗ ಹೊರಟು ನೇರವಾಗಿ ಲಕ್ಕುಂಡಿಗೆ ಹೋಗಿರಿ. ಗದಗದಿಂದ ಕೊಪ್ಪಳದ ಹೆದ್ದಾರಿಯಲ್ಲಿ ಹನ್ನೆರಡು ಕಿಲೋಮೀಟರು ಆಗುತ್ತದೆ. ಕಾಶಿವಿಶ್ವನಾಥ ದೇವಾಲಯದಲ್ಲಿ ಒಂದೇ ಜಗತಿಯ ಮೇಲೆ ಎರಡು ಗುಡಿಗಳು ಎದುರುಬದುರಾಗಿ ನಿಂತಿವೆ: ಒಂದು ಶಿವನದು, ಮತ್ತೊಂದು ಸೂರ್ಯನದು. ಶಿವನ ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಎಳೆಬಿಸಿಲು ಅದರ ಬಾಗಿಲುವಾಡದ ಕೆತ್ತನೆಯನ್ನು ಓರೆಯಾಗಿ ಬೆಳಗಿಸುತ್ತದೆ. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಅದೇ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಈ ಸೀಮೆಯ ಶಿಲ್ಪಿಗಳು ಒರಟಾದ ಮರಳುಗಲ್ಲನ್ನು ಬಿಟ್ಟು, ಉಳಿಗೆ ಸುಲಭವಾಗಿ ಒಲಿಯುವ ಬಳಪದ ಕಲ್ಲನ್ನು ಹಿಡಿದ ಮೇಲೆಯೇ ಇಷ್ಟು ಸೂಕ್ಷ್ಮವಾದ ಕೆಲಸ ಸಾಧ್ಯವಾಯಿತು ಎಂಬುದನ್ನು ಮಕ್ಕಳಿಗೆ ಹೇಳಿರಿ; ಬರಿಯ ಅರಸರ ಹೆಸರು ಹೇಳುವುದಕ್ಕಿಂತ ಅದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಅಲ್ಲಿಂದ ಬ್ರಹ್ಮ ಜಿನಾಲಯಕ್ಕೆ ಹೋಗಿರಿ. 1007ರಲ್ಲಿ ಅದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚಿನ ಮನೆಗಳಿಗೆ ಹೆಸರಾದ ಗದಗದ ನೆರೆಯಲ್ಲಿಯೇ, ಅಚ್ಚುಮೊಳೆ ಹುಟ್ಟುವುದಕ್ಕೆ ಶತಮಾನಗಳ ಮೊದಲು, ಕವಿ ಪೊನ್ನನ ಕೃತಿಯೊಂದರ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದ ಹೆಣ್ಣುಮಗಳು ಆಕೆ. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯನ್ನು ತಮ್ಮ ಅತ್ತೆಯವರು ಮೇಲಿನಿಂದಲೇ ನೋಡಲಿ. ಮೂರು ಕಡೆ ಇಳಿಯುವ ಮೆಟ್ಟಿಲುಗಳೂ ಗೋಡೆಯಲ್ಲಿನ ಪುಟ್ಟ ಗುಡಿಗಳಂಥ ಗೂಡುಗಳೂ ಅಂಚಿನಿಂದಲೇ ಚೆನ್ನಾಗಿ ಕಾಣುತ್ತವೆ. ಮಕ್ಕಳನ್ನು ಕೈಹಿಡಿಯದೆ ಒಳಗೆ ಬಿಡಬೇಡಿರಿ.

ಊಟಕ್ಕೆ ಗದಗಕ್ಕೆ ಬಂದು, ಬಿಸಿಲು ಇಳಿದ ಮೇಲೆ ತ್ರಿಕೂಟೇಶ್ವರಕ್ಕೆ ಹೋಗಿರಿ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಗುಡಿ ಅದು. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯ ವಿಗ್ರಹ ಭಗ್ನವಾಗಿದೆ. ಆದರೆ ಅದರ ಕಂಬಗಳಿಗೆ ಸರಿದೊರೆಯಾದವನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಆವರಣ ವಿಶಾಲವಾಗಿದ್ದು, ಹಿರಿಯರು ಕೂತುಕೊಳ್ಳಲು ಕಟ್ಟೆಗಳಿಗೆ ಕೊರತೆಯಿಲ್ಲ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂದು ಪರಂಪರೆಯಿಂದ ತೋರಿಸುವ ಕಂಬವಿದೆ. ಸಂಜೆಯ ಪೂಜೆಯ ಹೊತ್ತಿಗೆ ಹೋದರೆ ದರ್ಶನವೂ ಆಗುತ್ತದೆ.

ಡಂಬಳವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ಮುಂಡರಗಿಯ ದಾರಿಯಲ್ಲಿ ಗದಗದಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಅಲ್ಲಿನ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುಬಿಂದುವಿನ ಸುತ್ತ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಆರು ಸಲ ಬರೆದರೆ ಆ ಆಕಾರ ಬರುತ್ತದೆ. ಹಾಳೆ, ಪೆನ್ಸಿಲು ಕೊಟ್ಟು ಮಕ್ಕಳಿಗೆ ಅಲ್ಲಿಯೇ ಕುಳಿತು ಬಿಡಿಸಲು ಹೇಳಿರಿ, ಆಮೇಲೆ ಗೋಡೆಯ ಸುತ್ತ ನಡೆದು ಮೂಲೆಗಳನ್ನು ಎಣಿಸಲಿ. ಗಣಿತದ ಪಾಠವನ್ನು ಅಷ್ಟು ಚೆನ್ನಾಗಿ ಹೇಳಿಕೊಡುವ ಕಟ್ಟಡ ನನ್ನ ಶಾಲೆಯಲ್ಲಿ ಇರಲಿಲ್ಲ.

ಉತ್ತರ: ಕೆರೆಯಂಚು

ಅಕ್ಕನವರೆ, ಮಾಸ್ತರರು ಕಲ್ಲಿನ ವಿಷಯವನ್ನೆಲ್ಲ ಹೇಳಿದ್ದಾರೆ; ನಾನು ನೀರಿನ ವಿಷಯ ಹೇಳುತ್ತೇನೆ. ತಾವು ಇಳಿದುಕೊಳ್ಳುವ ಜಾಗಕ್ಕೆ ಮಾಗಡಿ ಕೆರೆ ಬಹಳ ಹತ್ತಿರ. ಆದ್ದರಿಂದ ಅದನ್ನು ಒಂದು ದಿನದ ಪ್ರವಾಸವೆಂದು ಎಣಿಸದೆ, ಬೇರೆ ಸುತ್ತಾಟ ಶುರುವಾಗುವ ಮುಂಚೆ ಬೆಳಗಿನ ಒಂದೆರಡು ತಾಸು ಕೊಟ್ಟರೆ ಸಾಕು. ಚಳಿಗಾಲಕ್ಕೆ ಇಲ್ಲಿಗೆ ಬರುವ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿ ಅದು. ನವೆಂಬರಿನಲ್ಲಿ ಬರತೊಡಗಿ, ಮಾರ್ಚಿನ ಹೊತ್ತಿಗೆ ಮರಳುತ್ತದೆ. ಡಿಸೆಂಬರ್ ಕೊನೆ ಅಂದರೆ ತಕ್ಕ ಸಮಯ. 2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸರ್ ತಾಣದ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲದ, ಮನ್ನಣೆಯೂ ದೊರೆಯಿತು.

ಒಂದು ವಿಷಯವನ್ನು ಗಮನದಲ್ಲಿಡಬೇಕು. ಈ ಹೆಬ್ಬಾತುಗಳು ಮೀನು ತಿನ್ನುವುದಿಲ್ಲ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಹಗಲು ಕೆರೆಯಲ್ಲಿ ವಿರಮಿಸುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯ ಮೇಲಿದ್ದರೆ ಮೇವು ಮುಗಿಸಿದ ಗುಂಪುಗಳು ಕೂಗುತ್ತ ಬಂದು ನೀರಿಗಿಳಿಯುವುದನ್ನು ನೋಡಬಹುದು. ಹೊತ್ತೇರಿದ ಮೇಲೆ ಹೋದರೂ ಹಕ್ಕಿಗಳು ಇರುತ್ತವೆ, ಆದರೆ ದೂರದ ನೀರಿನಲ್ಲಿ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ. ದುರ್ಬೀನು ಇಲ್ಲದಿದ್ದರೆ ಮಕ್ಕಳು ಬೇಸರಪಡುತ್ತಾರೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಿ ಅವನ್ನು ಎಬ್ಬಿಸಬಾರದು. ಫೋಟೊಕ್ಕಾಗಿ ಹಾಗೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇರುಳೆಲ್ಲ ಮೇದು ಬಂದ ಹಕ್ಕಿಗೆ ಹಗಲಿನ ವಿಶ್ರಾಂತಿ ಬೇಕೇ ಬೇಕು.

ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಬಂದು ಉಪಾಹಾರ ಮುಗಿಸಿ, ಸೋಮೇಶ್ವರ ದೇವಾಲಯಕ್ಕೆ ಹೋಗಬಹುದು. ಪಂಪನು ಹೇಳುವ ಪುಲಿಗೆರೆ ಎಂದರೆ ಇದೇ ಊರು. ಶಂಖಬಸದಿಯೂ ಇಲ್ಲಿದೆ. ಬಿಜಾಪುರದ ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯನ್ನು ಹೊರಗಿನಿಂದ ನೋಡಿದರೂ ಸಾಕು, ಗುಡಿಯ ಕೆತ್ತನೆಗೂ ಅದರ ಕಮಾನುಗಳಿಗೂ ಇರುವ ವ್ಯತ್ಯಾಸ ಮಕ್ಕಳ ಕಣ್ಣಿಗೂ ಬೀಳುತ್ತದೆ.

ಉತ್ತರ: ಹಳೇಹುಬ್ಬಳ್ಳಿ

ಇಬ್ಬರು ಹಿರಿಯರ ಮಾತಿಗೂ ನನ್ನ ಸಮ್ಮತಿಯಿದೆ, ಆದರೆ ಮಕ್ಕಳಿಗೆ ಮೇಲಿಂದ ಮೇಲೆ ಗುಡಿ ತೋರಿಸುವುದಕ್ಕೆ ನಾನು ಒಪ್ಪಲಾರೆ. ಬಂಕಾಪುರವನ್ನು ಬಿಡಬೇಡಿರಿ. ಅಲ್ಲಿನ ಹಳೆಯ ಕೋಟೆಯೊಳಗೆ ನವಿಲುಧಾಮವಿದೆ. ಖಿಲಾರಿ ತಳಿಯ ದನಗಳನ್ನು ಸಾಕುವ ಸರ್ಕಾರಿ ಕೇಂದ್ರವೂ ಅಲ್ಲಿಯೇ ಇರುವುದರಿಂದ ಕಂದಕದ ಗಿಡಗಂಟಿ, ನೀರು, ಕಾಳು ಎಲ್ಲವೂ ನವಿಲುಗಳಿಗೆ ದಕ್ಕಿವೆ. ಗುಡಿ ಬೇಕೆನ್ನುವವರಿಗೆ ಅದೇ ಕೋಟೆಯಲ್ಲಿ ಅರವತ್ತಾರು ಕಂಬಗಳ ನಗರೇಶ್ವರ ದೇವಾಲಯವೂ ಇದೆ. ಹತ್ತಿರದಲ್ಲಿ, ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಮೇಲೆ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಅಲ್ಲಿನ ಪ್ರತಿಮೆಗಳು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದಲ್ಲಿ ತೋರಿಸುತ್ತವೆ. ಸಿಮೆಂಟಿನ ಎತ್ತುಗಳನ್ನು ನೋಡುವುದೇನು ಎಂದು ಮಾಸ್ತರರು ಕೇಳಬಹುದು. ಮಕ್ಕಳು ಹಾಗೆ ಕೇಳುವುದಿಲ್ಲ.

ಮರಳಿ ಧಾರವಾಡಕ್ಕೆ ಹೋಗುವ ದಿನ ಗದಗದ ದಾರಿ ಹಿಡಿಯದೆ ಲಕ್ಷ್ಮೇಶ್ವರದಿಂದ ಗುಡಗೇರಿ, ಕುಂದಗೋಳಗಳ ಮೇಲೆ ಹೋಗಿರಿ. ಸ್ವಲ್ಪ ಒಳಗೆ ಹೊರಳಿದರೆ ಶಿಶುನಾಳವಿದೆ. ಶರೀಫ ಸಾಹೇಬರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಕುಂದಗೋಳವು ಸವಾಯಿ ಗಂಧರ್ವರ ಊರು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಗುರುವನ್ನು ಅರಸಿ ಊರೂರು ಅಲೆದು, ಕೊನೆಗೆ ಹಾಡು ಕಲಿತದ್ದು ಇಲ್ಲಿಯೇ.

ಉತ್ತರ: ಎರೆಹೊಲ

ನಾವು ಶಿರಹಟ್ಟಿ ತಾಲೂಕಿನಲ್ಲಿಯೇ ಒಕ್ಕಲುತನ ಮಾಡುವವರು. ಯಾರೂ ಹೊಲದ ಸುದ್ದಿಯನ್ನು ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತಾವು ಬರುವ ಹೊತ್ತಿಗೆ ಹಿಂಗಾರಿ ಬಿಳಿಜೋಳ ಎದೆಯೆತ್ತರ ಬೆಳೆದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ಎಳ್ಳ ಅಮಾವಾಸ್ಯೆ ಡಿಸೆಂಬರ್ ಕೊನೆಗೆ ಇಲ್ಲವೆ ಜನವರಿಯ ಮೊದಲರ್ಧದಲ್ಲಿ ಬರುತ್ತದೆ. ತಮ್ಮ ದಿನಗಳು ಅದಕ್ಕೆ ಕೂಡಿಬಂದರೆ ಅಂದು ಯಾವ ಊರಿಗೂ ಹೋಗದೆ ಹೊಲದಲ್ಲಿಯೇ ಇರಿ. ಆ ದಿನ ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರು ಹೂಡಿಕೊಂಡು ಬಂದು, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಬೆಳೆಯ ನಡುವೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆಗಳ ಊಟಕ್ಕೆ ದಾರಿಹೋಕರನ್ನೂ ಕೂಗಿ ಕರೆಯುವುದು ನಮ್ಮ ಕಡೆಯ ಪದ್ಧತಿ. ತಮ್ಮ ಅತ್ತೆಯವರಿಗೆ ಇದನ್ನು ನಾನು ಹೇಳಬೇಕಾಗಿಯೇ ಇರಲಿಕ್ಕಿಲ್ಲ.

ಕಪ್ಪತಗುಡ್ಡಕ್ಕೆ ಹೋಗುವುದಾದರೆ ಡಂಬಳದ ದಿನವೇ ಹೋಗಿ. ಡೋಣಿ ಎಂಬ ಹಳ್ಳಿ ಹತ್ತಿರದಲ್ಲಿದೆ, ನಂದಿವೇರಿ ಮಠ ಅಲ್ಲಿಂದ ಗುಡ್ಡದ ಕಡೆಗೆ. ಮಳೆಗಾಲದ ಹಸಿರು ಡಿಸೆಂಬರಿನಲ್ಲಿ ಇರುವುದಿಲ್ಲ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಬೀಡಿ, ಒಲೆ, ಬೆಂಕಿಕಡ್ಡಿ ಏನೂ ಬೇಡ. 2017ರಲ್ಲಿ ಗಣಿಗಾರಿಕೆಯ ವಿರುದ್ಧ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಹೋರಾಡಿ ಉಳಿಸಿಕೊಂಡ ಗುಡ್ಡ ಇದು. 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಮನಬಂದಲ್ಲಿ ಒಳಗೆ ನಡೆದುಹೋಗುವಂತಿಲ್ಲ. ಮಠದ ಆಚೆಗೆ ಹೋಗುವವರು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಬೇಕು. ಕತ್ತೆಕಿರುಬ, ತೋಳಗಳಿರುವ ಕಾಡು, ಸಂಜೆಯಾಗುವ ಮೊದಲೇ ಇಳಿದುಬಿಡಿ.

ಇನ್ನೊಂದು ಸಣ್ಣ ಎಚ್ಚರಿಕೆ: ಅಕಾಲಕ್ಕೆ ಒಂದು ಮಳೆ ಬಿದ್ದರೂ ಎರೆಮಣ್ಣಿನ ಬಂಡಿದಾರಿಯಲ್ಲಿ ಕಾರು ಇಳಿಸಬಾರದು. ಗಾಲಿಗೆ ಮಣ್ಣು ಮೆತ್ತಿಕೊಂಡರೆ ಟ್ರ್ಯಾಕ್ಟರು ಬಂದೇ ಎಳೆಯಬೇಕಾಗುತ್ತದೆ. ಖಡಿ ಹಾಕಿದ ರಸ್ತೆಯ ಮೇಲೆ ಕಾರು ಬಿಟ್ಟು ಮನೆಗೆ ನಡೆದು ಹೋಗಿ, ಅತ್ತೆಯವರನ್ನು ಕರೆತರಲು ಮಾಲೀಕರಿಗೆ ಮೊದಲೇ ಹೇಳಿಡಿ.

ಮರುಪ್ರಶ್ನೆ: ಮಾಳಮಡ್ಡಿ_ಓದುಗಿ

ಎಲ್ಲರಿಗೂ ಧನ್ಯವಾದಗಳು. ಒಂದು ದಿನ ಲಕ್ಕುಂಡಿ ಮತ್ತು ಗದಗ, ಒಂದು ದಿನ ಡಂಬಳ ಮತ್ತು ಡೋಣಿ, ಒಂದು ಬೆಳಗು ಕೆರೆ, ಉಳಿದ ಹೊತ್ತು ಹೊಲ ಎಂದು ನಿಶ್ಚಯಿಸಿದ್ದೇವೆ. ಬಂಕಾಪುರವನ್ನು ಧಾರವಾಡದಿಂದಲೇ ಒಂದು ಭಾನುವಾರ ನೋಡಿ ಬರಬಹುದಾದ್ದರಿಂದ ಈ ಸಲಕ್ಕೆ ಕೈಬಿಟ್ಟಿದ್ದೇವೆ. ಮರಳುವಾಗ ಶಿಶುನಾಳಕ್ಕೆ ಖಂಡಿತ ಹೋಗುತ್ತೇವೆ. ಮಾಸ್ತರರಲ್ಲಿ ಎರಡು ಪ್ರಶ್ನೆಗಳು: ಲಕ್ಕುಂಡಿಗೆ ವಾರದ ಯಾವ ದಿನ ಹೋಗುವುದು ಒಳ್ಳೆಯದು? ಗದಗದಲ್ಲಿ ಊಟ ಎಲ್ಲಿ ಮಾಡಬೇಕು? ಅತ್ತೆಯವರು ಸಸ್ಯಾಹಾರಿಗಳು, ಖಾರವೂ ಅವರಿಗೆ ಆಗದು.

ಉತ್ತರ: ಬೆಟಗೇರಿ_ಮಾಸ್ತರ

ಶುಕ್ರವಾರ ಬೇಡ. ಕೇಂದ್ರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ. ಲಕ್ಕುಂಡಿಯಲ್ಲಿ ಗುಡಿಗಳ ಜೊತೆಗೆ ಅಲ್ಲಿನ ವಸ್ತುಸಂಗ್ರಹಾಲಯವನ್ನೂ ನೋಡಬೇಕು. ಭಾನುವಾರವನ್ನೂ ತಪ್ಪಿಸಿದರೆ ಗುಂಪು ಕಡಿಮೆ. ಊಟಕ್ಕೆ ಒಂದು ಅಂಗಡಿಯ ಹೆಸರು ಹೇಳಿ ಉಳಿದವರ ಮುನಿಸು ಕಟ್ಟಿಕೊಳ್ಳಲಾರೆ. ಲಿಂಗಾಯತ ಖಾನಾವಳಿ ಎಂಬ ಫಲಕವಿದ್ದಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರು, ಶೇಂಗಾ ಚಟ್ನಿಗಳ ಸಸ್ಯಾಹಾರಿ ಊಟ ಸಿಗುತ್ತದೆ. ಖಾರ ಕಡಿಮೆ ಇರಲಿ ಎಂದು ಕೂರುವ ಮೊದಲೇ ಹೇಳಿದರೆ ಬೇಳೆಯ ಪಲ್ಯವನ್ನೋ ಸಪ್ಪನೆಯ ಸಾರನ್ನೋ ಬಡಿಸುತ್ತಾರೆ. ಸಾವಜಿ ಎಂದು ಬರೆದಿದ್ದರೆ ಅದು ಮಾಂಸಾಹಾರದ ಮನೆ. ಮಕ್ಕಳಿಗೆ ಗಿರಮಿಟ್, ಮಿರ್ಚಿ ಬೇಕಿದ್ದರೆ ಸಂಜೆ ನಾಲ್ಕರ ಮೇಲೆ ಗಾಡಿಗಳು ನಿಲ್ಲುತ್ತವೆ, ವೀರನಾರಾಯಣ ಗುಡಿಗೆ ಹೋಗುವ ಮುಂಚೆ ಅದನ್ನು ಮುಗಿಸಿಕೊಳ್ಳಿ.