ಬ್ರಿಕ್ಸ್‌ಟನ್ನಿನ ಕೂಸುಗಳು: ತಪ್ಪು ಮಾರ್ಗರೆಟ್ ವಾಟರ್ಸ್ ಒಬ್ಬಳದೇನಾ?

ಹಳೇಕಡತ: 1870ರ ಅಕ್ಟೋಬರ್ 11ರಂದು ಲಂಡನ್ನಿನಲ್ಲಿ ಮಾರ್ಗರೆಟ್ ವಾಟರ್ಸ್ ಎಂಬ ವಿಧವೆಯನ್ನು ಗಲ್ಲಿಗೇರಿಸಿದರು. ಹಣ ತಗೊಂಡು ಪರರ ಕೂಸುಗಳನ್ನು ಸಾಕುವುದು ಅವಳ ಕಸುಬು. ಪೊಲೀಸ್ ಸಾರ್ಜೆಂಟ್ ರೆಲ್ಫ್, ಕೂಸು ದತ್ತು ತಗೊಳ್ಳುತ್ತೇವೆ ಎಂದು ಅವಳು ಕೊಟ್ಟಿದ್ದ ಪತ್ರಿಕೆ ಜಾಹೀರಾತಿನ ಜಾಡು ಹಿಡಿದು ಬ್ರಿಕ್ಸ್‌ಟನ್ನಿನ ಮನೆಗೆ ಹೋದಾಗ, ಕೂಸುಗಳು ಅಫೀಮಿನ ಮತ್ತಿನಲ್ಲಿ, ಎಲುಬು ಕಾಣುವ ಹಾಗೆ ಬಿದ್ದಿದ್ದವು. ನನ್ನ ಪ್ರಕಾರ ಶಿಕ್ಷೆ ಸರಿಯಾಗಿತ್ತು.

ಸುಮಾ: ಶಿಕ್ಷೆ ಬಿಡಿ. ಆ ಕೂಸುಗಳು ಅಲ್ಲಿಗೆ ಬಂದದ್ದು ಹೇಗೆ? 1834ರ ಬಡವರ ಕಾಯ್ದೆ, ಮದುವೆಯಾಗದೆ ಹುಟ್ಟಿದ ಮಗುವಿನ ಹೊಣೆಯನ್ನೆಲ್ಲ ತಾಯಿಯ ತಲೆಗೇ ಕಟ್ಟಿತು. ಮನೆಗೆಲಸದ ಹುಡುಗಿ ಕೂಸು ಕಟ್ಟಿಕೊಂಡು ಕೆಲಸ ಕೇಳಿದರೆ ಯಾರು ಕೊಡುತ್ತಾರೆ? ಅಪ್ಪ ಅನ್ನಿಸಿಕೊಂಡವನು ಆರಾಮಾಗಿದ್ದ, ಅಲ್ವಾ?

ಲೆಕ್ಕದ ರಾಯ: ಹಣದ ಲೆಕ್ಕ ನೋಡಿ. ದತ್ತು ಅಂತ ಒಂದೇ ಸಲ 5 ಪೌಂಡ್, ಅಂದರೆ 100 ಶಿಲ್ಲಿಂಗ್. ವಾರಕ್ಕೆ ಎರಡೂವರೆ ಶಿಲ್ಲಿಂಗ್ ಖರ್ಚು ಹಿಡಿದರೂ 40 ವಾರಕ್ಕೆ ಮುಗಿಯಿತು. ಆಮೇಲೆ ಬದುಕಿದ ಒಂದೊಂದು ದಿನವೂ ನಷ್ಟ! ವಾರವಾರ ದುಡ್ಡು ಬರುವ ಕಡೆ ಮಗು ಬದುಕಿದ್ದರೇ ಲಾಭ.

ಡಾಕ್ಟರಮ್ಮ: ಎಲ್ಲರೂ ಬೇಕಂತಲೇ ಕೊಂದರು ಅನ್ನಬೇಡಿ. ಅಫೀಮು ಬೆರೆಸಿದ ಗಾಡ್‌ಫ್ರೇಸ್ ಕಾರ್ಡಿಯಲ್ ಎಂಬ ಔಷಧಿಯನ್ನು ಹೆತ್ತ ತಾಯಂದಿರೂ ಕುಡಿಸುತ್ತಿದ್ದರು. ಮತ್ತಿನಲ್ಲಿರುವ ಕೂಸು ಹಸಿವು ಅಂತ ಅಳೋದೇ ಇಲ್ಲ. ಹಾಗೇ ಸೊರಗಿಹೋಗುತ್ತದೆ. ಮೇಲೆ ಉದ್ದ ರಬ್ಬರ್ ನಳಿಗೆಯ ಹಾಲಿನ ಬಾಟಲಿ. ಒಳಗೆ ತೊಳೆಯೋಕೇ ಆಗಲ್ಲ. ಆಗ ಇಂಗ್ಲೆಂಡಿನಲ್ಲಿ ಹುಟ್ಟಿದ 1000 ಮಕ್ಕಳಲ್ಲಿ ಸುಮಾರು 150 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅಷ್ಟು ಸಾವಿನ ನಡುವೆ ಇನ್ನೊಂದು ಸತ್ತರೆ ಯಾರಿಗೆ ಅನುಮಾನ ಬರುತ್ತದೆ?

ಹಳೇಕಡತ: ಅದಕ್ಕೇ 1872ರಲ್ಲಿ ಕಾಯ್ದೆ ಬಂತಲ್ಲ. ವರ್ಷದೊಳಗಿನ ಎರಡು ಅಥವಾ ಹೆಚ್ಚು ಕೂಸುಗಳನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಹಣಕ್ಕೆ ಇಟ್ಟುಕೊಂಡರೆ ನೋಂದಣಿ ಮಾಡಿಸಬೇಕು. ಕೂಸು ಸತ್ತರೆ ಕರೋನರ್‌ಗೆ, ಅಂದರೆ ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿಗೆ, ತಿಳಿಸಬೇಕು.

ಸುಮಾ: ಎರಡು! ಒಂದನ್ನೇ ಇಟ್ಟುಕೊಂಡರೆ ಯಾರೂ ಕೇಳೋ ಹಾಗಿಲ್ಲ. ಹಣಕ್ಕೆ ತಗೊಂಡ ಕೂಸುಗಳನ್ನು ಕೊಂದ ಅಮೇಲಿಯಾ ಡೈಯರ್ ಗೊತ್ತಲ್ಲ? 1879ರಲ್ಲೇ ಕೂಸುಗಳನ್ನು ಕಡೆಗಣಿಸಿದ್ದಕ್ಕೆ ಆರು ತಿಂಗಳು ಜೈಲು. ಹೊರಗೆ ಬಂದು ಮತ್ತೆ ಅದೇ ಕಸುಬು. ಸಿಕ್ಕಿದ್ದು 1896ರಲ್ಲಿ. ಅದೂ ಯಾವ ಇನ್‌ಸ್ಪೆಕ್ಟರ್‌ನಿಂದಲೂ ಅಲ್ಲ. ರೀಡಿಂಗ್ ಹತ್ತಿರ ಥೇಮ್ಸ್ ನದಿಯಲ್ಲಿ ಸಿಕ್ಕ ಕೂಸಿನ ಹೆಣದ ಪೊಟ್ಟಣದ ಕಾಗದದ ಮೇಲೆ ಅವಳ ಒಂದು ವಿಳಾಸ ಉಳಿದಿತ್ತು, ಅಷ್ಟೇ.

ಲೆಕ್ಕದ ರಾಯ: ಆದರೆ 1872ರ ಕಾಯ್ದೆಯನ್ನು ವಿರೋಧಿಸಿದವರಲ್ಲಿ ಲಿಡಿಯಾ ಬೆಕರ್ ಥರದ ಹೆಣ್ಣುಮಕ್ಕಳ ಹಕ್ಕಿನ ಹೋರಾಟಗಾರರೂ ಇದ್ದರು. ಬಡ ಹೆಂಗಸರ ಮನೆಯೊಳಗೆ ಸರ್ಕಾರ ಮೂಗು ತೂರಿಸುತ್ತದೆ ಅಂತ.

ಸುಮಾ: ಅವರ ಭಯ ಸುಮ್ನೆ ಅಲ್ಲ. ಕೆಲಸಕ್ಕೆ ಹೋಗುವ ತಾಯಿಗೆ ಪಕ್ಕದ ಮನೆ ಅಜ್ಜಿಯೇ ಆಸರೆ. ಅವಳಿಗೂ ಲೈಸೆನ್ಸ್ ಅಂದರೆ?

ಡಾಕ್ಟರಮ್ಮ: ಹೌದು, ಆದರೆ ಬೆಲೆ ತೆತ್ತದ್ದು ಕೂಸುಗಳು. 1897ರಲ್ಲಿ ವಯಸ್ಸನ್ನು ಐದಕ್ಕೆ ಏರಿಸಿದರು. ಒಂದೇ ಮಗು ಇಟ್ಟುಕೊಂಡವರೂ ಕಾನೂನಿನೊಳಗೆ ಬಂದದ್ದು 1908ಕ್ಕೆ.

ಹಳೇಕಡತ: ಸರಿ, ಲೆಕ್ಕದ ರಾಯರ 40 ವಾರ ಓದಿದ ಮೇಲೆ ನಾನೂ ಸ್ವಲ್ಪ ಮೆತ್ತಗಾಗಿದ್ದೇನೆ. ಆದರೂ ಜಾಹೀರಾತು ಬರೆದ ಕೈ ವಾಟರ್ಸ್‌ದೇ.

ಸುಮಾ: ಅಚ್ಚು ಹಾಕಿ ದುಡ್ಡು ಎಣಿಸಿಕೊಂಡ ಪತ್ರಿಕೆಯ ಕೈ?